ಶೇವಿಂಗ್ ಸೋಪು ಬೇಗ ಸವೆಯದೆ, ನೊರೆಯೂ ಹದವಾಗಿ ಬರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಷ್ಷು, ಸೋಪಿನ ಬಿಲ್ಲೆ ಇಟ್ಟುಕೊಂಡು ಶೇವ್ ಮಾಡಿಕೊಳ್ಳುವವರ ಬಾಯಲ್ಲಿ ಎರಡು ದೂರು ಇದ್ದೇ ಇರುತ್ತವೆ. ಸೋಪು ಬೇಗ ಖಾಲಿಯಾಗುತ್ತದೆ ಎನ್ನುವುದು ಒಂದು. ನೊರೆ ನಿಲ್ಲುವುದಿಲ್ಲ ಎನ್ನುವುದು ಇನ್ನೊಂದು. ಸೋಪು ಉಳಿಸಲು ಹೋದರೆ ನೊರೆ ಕೆಡುತ್ತದೆ, ನೊರೆ ನೋಡಲು ಹೋದರೆ ಸೋಪು ಸವೆಯುತ್ತದೆ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಎರಡೂ ದೂರಿನ ಬೇರು ನೀರಿನಲ್ಲಿದೆ ಎಂದು ಗೊತ್ತಾಗಲು ಕೆಲವು ವರ್ಷ ಹಿಡಿಯಿತು. ಬಿಲ್ಲೆಯ ಮೇಲೆ ನೀರು ನಿಲ್ಲಬಾರದು, ನೊರೆಗೆ ನೀರು ಕಡಿಮೆ ಬೀಳಬಾರದು. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತವೆ.

ಒಂದು ಬಿಲ್ಲೆ ಸೋಪು ಎಷ್ಟು ದಿನ ಬರಬೇಕು?

ಮೊದಲು ತೂಕ ಮಾಡಿ ನೋಡಿ. 0.1 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಚೆನ್ನಾಗಿ ಒಣಗಿದ ಸೋಪನ್ನು ಡಬ್ಬಿ ಸಮೇತ ತೂಗಿ ಬರೆದಿಟ್ಟುಕೊಳ್ಳಿ. 20 ಸಲ ಶೇವ್ ಆದ ಮೇಲೆ, ಮತ್ತೆ ಒಣಗಿಸಿ, ಇನ್ನೊಮ್ಮೆ ತೂಗಿ. ಕಡಿಮೆಯಾದ ತೂಕವನ್ನು 20ರಿಂದ ಭಾಗಿಸಿ. ಒಂದು ಶೇವ್‌ಗೆ ಸುಮಾರು 1 ಗ್ರಾಂ ಬಂದರೆ ನಿಮ್ಮ ಕೈ ಹದವಾಗಿದೆ. ಆ ಲೆಕ್ಕದಲ್ಲಿ 100 ಗ್ರಾಂ ಬಿಲ್ಲೆ 100 ಶೇವ್‌ಗೆ ಬರುತ್ತದೆ. ದಿನಾ ಮಾಡುವವರಿಗೆ ಮೂರು ತಿಂಗಳು ದಾಟುತ್ತದೆ, ದಿನ ಬಿಟ್ಟು ದಿನ ಮಾಡುವವರಿಗೆ ಆರು ತಿಂಗಳ ಮೇಲೆ ಬರುತ್ತದೆ.

ಅರ್ಧ ಗ್ರಾಂ ಆಚೀಚೆ ಆದರೆ ಚಿಂತೆ ಬೇಡ. ಗಡ್ಡ ಎಷ್ಟು ದಟ್ಟ, ಎಷ್ಟು ಸಲ ನೊರೆ ಹಚ್ಚುತ್ತೀರಿ ಎನ್ನುವುದರ ಮೇಲೆ ಅದು ಬದಲಾಗುತ್ತದೆ. ತಲೆಯನ್ನೂ ಬೋಳಿಸಿಕೊಳ್ಳುವವರಿಗೆ ಸಹಜವಾಗಿಯೇ ಜಾಸ್ತಿ ಬೇಕು. ಆದರೆ ಬರೀ ಮುಖಕ್ಕೆ 2 ಗ್ರಾಂ ದಾಟುತ್ತಿದ್ದರೆ ಸೋಪು ಎಲ್ಲೋ ಸುಮ್ನೆ ಹರಿದು ಹೋಗುತ್ತಿದೆ ಎಂದೇ ತಿಳಿಯಿರಿ.

ಹೊಸ ಸೋಪಿನ ಮೊದಲ ಕೆಲವು ವಾರದ ತೂಕವನ್ನು ನಂಬಬೇಡಿ. ಮೆತ್ತಗಿನ ಸೋಪಿನಲ್ಲಿ ನೀರಿನ ಅಂಶ ಇರುತ್ತದೆ. ಮುಟ್ಟದೆ ಇಟ್ಟರೂ ಅದು ಆರಿ ತೂಕ ಇಳಿಯುತ್ತದೆ.

ಹಾಗಾದರೆ ಸೋಪು ಹೋಗುವುದೆಲ್ಲಿ?

ಮೂರು ಕಡೆ. ಬಿಲ್ಲೆಯ ಮೇಲೆ ನಿಂತ ನೀರಿನಲ್ಲಿ ಕರಗಿ ಹೋಗುತ್ತದೆ. ತೊಟ್ಟಿಕ್ಕುವ ಬ್ರಷ್ಷಿನಿಂದ ತೆಳು ನೊರೆಯಾಗಿ ಡಬ್ಬಿಯ ಅಂಚಿನಿಂದ ಹರಿದು ಹೋಗುತ್ತದೆ. ಕೊನೆಗೆ, ಶೇವ್ ಮುಗಿದ ಮೇಲೆ ಬ್ರಷ್ಷಿನ ಹೊಟ್ಟೆಯಲ್ಲಿ ಉಳಿದ ನೊರೆ ನಲ್ಲಿಯ ಕೆಳಗೆ ಹೋಗುತ್ತದೆ.

ಮೂರನೆಯದನ್ನು ನಾವು ಕಣ್ಣಿಟ್ಟು ನೋಡುವುದೇ ಇಲ್ಲ. ಒಂದು ದಿನ ಶೇವ್ ಮುಗಿಸಿ, ಬ್ರಷ್ಷನ್ನು ತೊಳೆಯುವ ಮೊದಲು, ಬುಡದಿಂದ ತುದಿಯವರೆಗೆ ಬೆರಳಲ್ಲಿ ಹಿಂಡಿ ಅಂಗೈಗೆ ತೆಗೆದೆ. ಬಿಳಿ ನೊರೆ ಅಂಗೈ ತುಂಬಿ ಮಣಿಕಟ್ಟಿಗೆ ಇಳಿಯಿತು. ಅದೂ ಬುಡದಿಂದ ಬಂದದ್ದು ಮುಖಕ್ಕೆ ಹಚ್ಚಿದ ನೊರೆಗಿಂತ ದಪ್ಪವಾಗಿ, ನುಣುಪಾಗಿ ಇತ್ತು. ಇನ್ನೊಂದು ಶೇವ್‌ಗೆ ಆಗುವಷ್ಟು. ಇಷ್ಟನ್ನು ದಿನಾ ತೊಳೆದು ಚೆಲ್ಲುತ್ತಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ನೀವೂ ಒಮ್ಮೆ ಹಿಂಡಿ ನೋಡಿ. ಕೊನೆಯಲ್ಲಿ ಒಂದೆರಡು ಚಮಚದಷ್ಟು ಉಳಿದರೆ ಸರಿ, ಅಂಗೈ ತುಂಬಿದರೆ ಸೋಪು ತೆಗೆಯುವ ಹೊತ್ತನ್ನು ಐದು ಸೆಕೆಂಡಿನಂತೆ ಇಳಿಸುತ್ತಾ ಬನ್ನಿ.

ಬ್ರಷ್ಷಿಗೆ ಸೋಪು ತುಂಬಿಕೊಳ್ಳುವ ಸರಿಯಾದ ಕ್ರಮ ಯಾವುದು?

ಇಡೀ ಕೆಲಸದ ಜೀವಾಳ ಇಲ್ಲೇ ಇದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಎತ್ತಿ, ತಾನಾಗಿ ಸೋರುವಷ್ಟು ಸೋರಲು ಬಿಡಿ. ಆಮೇಲೆ ಎರಡು ಸಲ ಗಟ್ಟಿಯಾಗಿ ಕೊಡವಿ. ಬ್ರಷ್ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ಈಗ ಬಿಲ್ಲೆಯ ಮೇಲೆ ತುದಿ ಊರಿ, ಹಗುರಾಗಿ ಒತ್ತಿ, ದುಂಡಗೆ ತಿರುಗಿಸಿ.

ಮೊದಲ ನಾಲ್ಕೈದು ಸೆಕೆಂಡು ದೊಡ್ಡ ದೊಡ್ಡ ಗುಳ್ಳೆ ಏಳುತ್ತವೆ. ಪಚಪಚ ಸದ್ದು ಬರುತ್ತದೆ. ಹೆಚ್ಚಿನವರು ಇದನ್ನೇ ನೊರೆ ಎಂದುಕೊಂಡು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಹತ್ತು ಹದಿನೈದು ಸೆಕೆಂಡಿಗೆ ಗುಳ್ಳೆಗಳು ಸಣ್ಣವಾಗುತ್ತವೆ, ಸದ್ದು ತಗ್ಗುತ್ತದೆ. ಇನ್ನೂ ತಿರುಗಿಸಿದರೆ ಗುಳ್ಳೆಯೇ ಕಾಣದಂಥ ಗಟ್ಟಿ ಪೇಸ್ಟು ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ಬ್ರಷ್ ಸ್ವಲ್ಪ ಹಿಡಿದು ಎಳೆದ ಹಾಗೆ ಕೈಗೆ ಗೊತ್ತಾಗುತ್ತದೆ. ತುದಿಗಳು ಒಂದಕ್ಕೊಂದು ಅಂಟಿ ಚೂಪಾಗಿ ನಿಲ್ಲುತ್ತವೆ. ಅಷ್ಟಾದರೆ ಸಾಕು. ಗಟ್ಟಿ ಸೋಪಿಗೆ 30 ಸೆಕೆಂಡು, ಮೆತ್ತಗಿನದಕ್ಕೆ 10ರಿಂದ 15 ಸೆಕೆಂಡು ಎಂದು ಶುರು ಮಾಡಿ. ಆಮೇಲೆ ಗಡಿಯಾರ ಬೇಕಾಗುವುದಿಲ್ಲ, ಕೈಗೇ ಹದ ಸಿಗುತ್ತದೆ.

ಡಬ್ಬಿಯ ಅಂಚು ದಾಟಿ ನೊರೆ ಹೊರಗೆ ಚೆಲ್ಲುತ್ತಿದ್ದರೆ ಬ್ರಷ್ಷಿನಲ್ಲಿ ನೀರು ಜಾಸ್ತಿ ಇದೆ. ಆಗ ಎಷ್ಟು ತಿರುಗಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಒಂದು ಸಲ ಕೊಡವಿ, ಮತ್ತೆ ಶುರು ಮಾಡಿ.

ಸೋಪು ಉಳಿಸಬೇಕೆಂದರೆ ಕಡಿಮೆ ಹೊತ್ತು ತಿರುಗಿಸಿದರೆ ಆಗಲ್ವಾ?

ಹದಕ್ಕಿಂತ ಕಡಿಮೆ ತೆಗೆದರೆ ನಷ್ಟವೇ ಜಾಸ್ತಿ. ನೊರೆ ಮುಖದ ಮೇಲೆ ಎರಡು ನಿಮಿಷಕ್ಕೆ ಒಡೆದು ಹೋಗುತ್ತದೆ. ಆಗ ಮತ್ತೆ ಬಿಲ್ಲೆಗೆ ಹೋಗುತ್ತೀರಿ. ಈ ಸಲ ಬ್ರಷ್ಷಿನಲ್ಲಿ ನೀರು ತುಂಬಿರುತ್ತದೆ, ಬಿಲ್ಲೆ ಆಗಲೇ ನೆನೆದಿರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಎಷ್ಟೋ ಪಾಲು ಸೋಪು ಎದ್ದು ಬರುತ್ತದೆ. ಒಂದೇ ಸಲ ಸರಿಯಾಗಿ ತುಂಬಿಕೊಂಡು ಮತ್ತೆ ಬಿಲ್ಲೆ ಮುಟ್ಟದೆ ಶೇವ್ ಮುಗಿಸುವವರ ಸೋಪೇ ಹೆಚ್ಚು ದಿನ ಬರುತ್ತದೆ. ಚರ್ಮಕ್ಕೂ ಅದೇ ಒಳ್ಳೆಯದು. ತೆಳು ನೊರೆಯ ಮೇಲೆ ಬ್ಲೇಡ್ ಎಳೆದರೆ ಉರಿ ಏಳುತ್ತದೆ.

ಪೇಸ್ಟನ್ನು ನೊರೆ ಮಾಡುವಾಗ ಎಷ್ಟು ನೀರು ಹಾಕಬೇಕು?

ಒಟ್ಟಿನಲ್ಲಿ ಒಂದೆರಡು ಚಮಚದಷ್ಟು ನೀರು ಹೋಗುತ್ತದೆ. ಆದರೆ ಎಷ್ಟು ಎನ್ನುವುದಕ್ಕಿಂತ ಹೇಗೆ ಎನ್ನುವುದು ಮುಖ್ಯ. ಹನಿ ಹನಿಯಾಗಿ ಕೊಡಿ. ಬ್ರಷ್ಷಿನ ತುದಿಯನ್ನು ಮಾತ್ರ ನೀರಿಗೆ ಮುಟ್ಟಿಸಿ, ಬಟ್ಟಲಲ್ಲಿ ಹತ್ತು ಹದಿನೈದು ಸೆಕೆಂಡು ತಿರುಗಿಸಿ, ನೀರು ಪೂರ್ತಿ ಸೇರಿದ ಮೇಲೆ ಮತ್ತೆ ಮುಟ್ಟಿಸಿ. ಒಂದೇ ಸಲ ಸುರಿದರೆ ನೀರು ಒಂದು ಕಡೆ, ಪೇಸ್ಟು ಒಂದು ಕಡೆ ಆಗಿ ಗುಳ್ಳೆ ಏಳುತ್ತದೆ.

ನೊರೆ ಎಂದರೆ ಸೋಪು, ನೀರು, ಗಾಳಿ ಮೂರೂ ಸೇರಿದ್ದು. ಗಾಳಿ ತಿರುಗಿಸಿದಷ್ಟೂ ಬರುತ್ತದೆ. ಸೋಪನ್ನು ಆಗಲೇ ತೆಗೆದುಕೊಂಡಿದ್ದೀರಿ. ಇನ್ನು ನಿಮ್ಮ ಕೈಯಲ್ಲಿರುವುದು ನೀರು ಮಾತ್ರ. ಸರಿಯಾಗಿ ತುಂಬಿದ ಬ್ರಷ್ಷು ನೀವು ಅಂದುಕೊಂಡದ್ದಕ್ಕಿಂತ ಬಹಳ ನೀರು ಕುಡಿಯುತ್ತದೆ. ಒಂದು ರಜಾ ದಿನ, ಶೇವ್ ಮಾಡುವ ಅವಸರ ಇಲ್ಲದಾಗ, ಒಂದೇ ಬ್ರಷ್ ಸೋಪಿಗೆ ಹನಿ ಹನಿ ನೀರು ಸೇರಿಸುತ್ತಾ ನೊರೆ ಕೆಡುವವರೆಗೂ ಹೋಗಿ. ಎಲ್ಲಿ ಚೆನ್ನಾಗಿತ್ತು, ಎಲ್ಲಿ ಹದ ತಪ್ಪಿತು ಎಂದು ಕಣ್ಣಿಗೇ ಕಾಣುತ್ತದೆ. ಆ ಒಂದು ಗ್ರಾಂ ಸೋಪು ಹೋದರೂ ಹೋಗಲಿ. ಅಷ್ಟು ಕಲಿಸುವ ಪಾಠ ಬೇರೆ ಇಲ್ಲ.

ಹದವಾದ ನೊರೆ ಯಾವುದು ಎಂದು ಗುರುತಿಸುವುದು ಹೇಗೆ?

ಹೊಳಪು ನೋಡಿ. ನೀರು ಸಾಲದ ನೊರೆ ಮಂಕಾಗಿ, ಸುಣ್ಣ ಬಳಿದ ಹಾಗೆ ಇರುತ್ತದೆ. ಮುಖದ ಮೇಲೆ ದಪ್ಪಗೆ ಕೂರುತ್ತದೆ, ನೋಡಲು ಚೆಂದ, ಆದರೆ ಬ್ಲೇಡ್ ಜಾರುವುದಿಲ್ಲ. ನೀರು ಸೇರುತ್ತಾ ಹೋದ ಹಾಗೆ ಮೇಲ್ಮೈಗೆ ಒಂದು ಮಿನುಗು ಬರುತ್ತದೆ, ಗುಳ್ಳೆ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಬ್ರಷ್ ಎತ್ತಿದರೆ ಕೊಕ್ಕಿನ ಹಾಗೆ ತುದಿ ಎದ್ದು ಮೆಲ್ಲಗೆ ಬಾಗುತ್ತದೆ. ಅದೇ ಹದ. ಅದನ್ನು ದಾಟಿದರೆ ಮತ್ತೆ ಗುಳ್ಳೆ ದೊಡ್ಡದಾಗಿ ಕೆನ್ನೆಯಿಂದ ಜಾರಲು ಶುರುವಾಗುತ್ತದೆ.

ಕಣ್ಣಿಗಿಂತ ಬೆರಳು ಇನ್ನೂ ಚೆನ್ನಾಗಿ ಹೇಳುತ್ತದೆ. ಚೂರು ನೊರೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ತೆಗೆದುಕೊಂಡು ಒತ್ತಿ ಉಜ್ಜಿ. ಅಂಟಿದ ಹಾಗಾದರೆ ನೀರು ಬೇಕು. ಸರ್ರನೆ ಜಾರಿದರೆ ಸರಿಯಾಗಿದೆ. ಬರೀ ನೀರು ಮುಟ್ಟಿದ ಹಾಗಿದ್ದರೆ ಜಾಸ್ತಿಯಾಗಿದೆ.

ನೊರೆ ಎಷ್ಟು ಎತ್ತರ ಎದ್ದಿದೆ ಎನ್ನುವುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಬ್ಲೇಡಿಗೂ ಚರ್ಮಕ್ಕೂ ನಡುವೆ ಇರುವ ತೆಳು ಜಾರು ಪದರವೇ ಕೆಲಸ ಮಾಡುವುದು. ಉಳಿದದ್ದು ನೋಟಕ್ಕೆ.

ನಮ್ಮ ನಲ್ಲಿ ನೀರು ಗಡಸು. ಎಷ್ಟೇ ಸೋಪು ಹಾಕಿದರೂ ನೊರೆ ಬರುತ್ತಿಲ್ಲ. ಏನು ಮಾಡಲಿ?

ತಪ್ಪು ನಿಮ್ಮ ಕೈಯದಲ್ಲ, ನೀರಿನದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಬೂದು ಬಿಳಿ ಜಿಡ್ಡಾಗುತ್ತವೆ. ಬಟ್ಟಲ ಅಂಚಿಗೆ ಅಂಟಿಕೊಳ್ಳುವ ಗೆರೆ ಅದೇ. ತೆಗೆದುಕೊಂಡ ಸೋಪಿನಲ್ಲಿ ಒಂದು ಪಾಲು ಹೀಗೆ ನೀರಿನ ಗಡಸುತನ ತೀರಿಸಲಿಕ್ಕೇ ಖರ್ಚಾಗುತ್ತದೆ. ಉಳಿದದ್ದು ಮಾತ್ರ ನೊರೆಯಾಗುತ್ತದೆ. ಅಂಥ ಕಡೆ ಸೋಪು ಬೇಗ ಖಾಲಿಯಾಗುವುದು ಸಹಜ.

ನಿಮ್ಮ ನೀರು ಗಡಸೋ ಅಲ್ಲವೋ ನೋಡಲು ನಲ್ಲಿಯ ಮೂತಿ, ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬಿಳಿ ಹಕ್ಕಳೆ ಕಟ್ಟಿದ್ದರೆ ಗಡಸು. ಇನ್ನೂ ಖಾತರಿ ಬೇಕಿದ್ದರೆ ಒಂದು ದಿನ ಡಿಸ್ಟಿಲ್ಡ್ ನೀರಿನಲ್ಲಿ ನೊರೆ ಮಾಡಿ. ಅದೇ ಸೋಪು, ಅದೇ ಬ್ರಷ್. ನೊರೆ ಉಕ್ಕಿ ಬಂದರೆ ಉತ್ತರ ಸಿಕ್ಕಿತು.

ನೊರೆಗೆ ಬೇಕಾಗುವ ನೀರು ಬಹಳ ಕಡಿಮೆ. ಒಂದು ಲೋಟ ಡಿಸ್ಟಿಲ್ಡ್ ನೀರೋ, ಆರ್‌ಒ ನೀರೋ, ಶುಚಿಯಾಗಿ ಹಿಡಿದ ಮಳೆ ನೀರೋ ಇದ್ದರೆ ಬ್ರಷ್ ಅದ್ದಲು, ಹನಿ ಸೇರಿಸಲು ಸಾಕು. ಮುಖ ತೊಳೆಯಲು, ರೇಜರ್ ಜಾಲಿಸಲು ನಲ್ಲಿ ನೀರೇ ಇರಲಿ. ಕುದಿಸಿದ ನೀರೂ ಕೆಲವು ಕಡೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಕುದಿಸಿ ಆರಿಸಿದಾಗ ಗಡಸುತನದ ಒಂದು ಭಾಗ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ನೀರು ತೆಗೆದುಕೊಳ್ಳಬಹುದು. ಆದರೆ ಎಲ್ಲ ಗಡಸುತನವೂ ಕುದಿಸಿದರೆ ಹೋಗುವಂಥದ್ದಲ್ಲ. ಕೆಲವು ಸೋಪುಗಳಲ್ಲಿ ಇಡಿಟಿಎ, ಸಿಟ್ರೇಟ್‌ನಂಥ ವಸ್ತು ಸೇರಿಸಿರುತ್ತಾರೆ. ಅವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಗಡಸು ನೀರಿನಲ್ಲಿ ಅಂಥ ಸೋಪು ಮೇಲು.

ಬಿಲ್ಲೆಯ ಮೇಲೆ ಬಿಸಿ ನೀರು ಹಾಕಿ ನೆನೆಸಬೇಕೇ?

ಗಟ್ಟಿ ಸೋಪಾದರೆ ನೆನೆಸಿ. ಬಿಸಿ ಅಂದರೆ ಕೈಗೆ ಹಿತವಾಗುವಷ್ಟು ಬೆಚ್ಚಗಿರಬೇಕು, ಒಂದು ಚಮಚದಷ್ಟು, ಎರಡು ಮೂರು ನಿಮಿಷ. ಮೇಲಿನ ಪದರ ಮೆತ್ತಗಾಗಿ ಬ್ರಷ್ಷಿಗೆ ಸುಲಭವಾಗಿ ಬರುತ್ತದೆ. ಮೆತ್ತಗಿನ ಸೋಪಿಗೆ ಇದು ಬೇಡವೇ ಬೇಡ.

ಹಾಗೆ ನೆನೆಸಿದ ನೀರನ್ನು ಮಾತ್ರ ಚೆಲ್ಲಬೇಡಿ. ಅದರಲ್ಲಿ ಸೋಪು ಕರಗಿರುತ್ತದೆ. ಗಡ್ಡಕ್ಕೆ ಸವರಿಕೊಳ್ಳಿ, ಇಲ್ಲವೇ ನೊರೆಯ ಬಟ್ಟಲಿಗೆ ಬಗ್ಗಿಸಿಕೊಂಡು ಮೊದಲ ಹನಿಗಳ ಜಾಗದಲ್ಲಿ ಬಳಸಿ. ಸ್ನಾನಕ್ಕೆ ಹೋಗುವಾಗ ನೀರು ಹಾಕಿಟ್ಟು, ಬಂದು ನೋಡಿದರೆ ಬಿಲ್ಲೆಯ ಮೇಲೆ ಲೋಳೆ ಕಟ್ಟಿರುತ್ತದೆ. ಅಷ್ಟು ಹೊತ್ತು ಬಿಡುವುದು ಸೋಪನ್ನು ಕರಗಿಸಿದ ಹಾಗೇ.

ಬಳಸಿದ ಮೇಲೆ ಸೋಪನ್ನು ಹೇಗಿಡಬೇಕು?

ಒಣಗಿಸಿ ಇಡಿ. ನನ್ನ ಕೇಳಿದರೆ ಸೋಪಿನ ಆಯಸ್ಸು ಹೆಚ್ಚಿಸುವ ಅಭ್ಯಾಸಗಳಲ್ಲಿ ಇದೇ ದೊಡ್ಡದು, ಇದಕ್ಕೆ ಖರ್ಚೂ ಇಲ್ಲ, ಶ್ರಮವೂ ಇಲ್ಲ.

ಹಿಂದೆ ನಾನು ಶೇವ್ ಆದ ಕೂಡಲೇ ಡಬ್ಬಿ ಮುಚ್ಚಿಡುತ್ತಿದ್ದೆ. ಮರುದಿನ ತೆಗೆದರೆ ಮುಚ್ಚಳದ ಒಳಗೆಲ್ಲ ಹನಿ ಕಟ್ಟಿರುತ್ತಿತ್ತು. ಬಿಲ್ಲೆಯ ಮೇಲೆ ಬೆರಳಿಟ್ಟರೆ ಅರ್ಧ ಮಿಲಿಮೀಟರಿನಷ್ಟು ಲೋಳೆ ಪದರ ಹಾಗೇ ಸರಿದು ಬರುತ್ತಿತ್ತು. ಅದರ ಮೇಲೆ ಬ್ರಷ್ ಇಟ್ಟರೆ ಮೂರು ಸುತ್ತಿಗೇ ಮೂರು ಶೇವ್‌ಗೆ ಆಗುವಷ್ಟು ಸೋಪು ಮೆತ್ತಿಕೊಳ್ಳುತ್ತಿತ್ತು. ಮುಚ್ಚಳ ತೆಗೆದಿಡಲು ಶುರು ಮಾಡಿದ ಮೇಲೆ ಬಿಲ್ಲೆ ಮರುದಿನ ಮುಟ್ಟಿದರೆ ನುಣ್ಣಗೆ, ಒಣಗಿ, ಮೇಣದ ಹಾಗೆ ಇರುತ್ತದೆ.

ಸೋಪಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಹಬೆ ತುಂಬಿದ ಬಚ್ಚಲಲ್ಲಿ ತೆರೆದಿಟ್ಟರೂ ಸರಿಯಾಗಿ ಒಣಗದು. ಹೊರಗೆ, ಗಾಳಿ ಆಡುವ ಕಡೆ ಇಡಿ. ಬಿಸಿಲಿಗೆ ಬೇಡ. ಪೂರ್ತಿ ಒಣಗಿದ ಮೇಲೆ ಮುಚ್ಚಿ, ಇಲ್ಲದಿದ್ದರೆ ಪರಿಮಳ ಹಾರಿಹೋಗುತ್ತದೆ. ಎರಡು ಸೋಪು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಒಂದೊಂದಕ್ಕೂ ಒಣಗಲು ಎರಡು ದಿನ ಸಿಗುತ್ತದೆ.

ಬಿಲ್ಲೆಯ ತಳವನ್ನೂ ನೋಡಿ. ಬಟ್ಟಲಲ್ಲಿ ಸಡಿಲವಾಗಿ ಕೂತ ಬಿಲ್ಲೆಯ ಅಡಿಗೆ ನೀರು ಸೇರಿ ಕಾಣದಂತೆ ಕರಗುತ್ತಿರುತ್ತದೆ. ತಳಕ್ಕೆ ಸ್ವಲ್ಪ ನೀರು ಸವರಿ ಬಟ್ಟಲಿಗೆ ಒತ್ತಿ ಒಂದು ದಿನ ಬಿಟ್ಟರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಬಿಲ್ಲೆಯ ಮೇಲೆ ಉಳಿದ ನೊರೆಯನ್ನು ತೊಳೆದು ಇಡಬೇಕೇ?

ಬೇಡ. ತೊಳೆದರೆ ಒಳ್ಳೆಯ ಸೋಪೂ ಜೊತೆಗೆ ಹೋಗುತ್ತದೆ. ಶೇವ್ ಶುರು ಮಾಡುವ ಮೊದಲೇ ಬ್ರಷ್ಷಿನ ತುದಿಯಿಂದ ಅದನ್ನು ಗೋರಿಕೊಂಡು ಬಟ್ಟಲಿಗೆ ಹಾಕಿಕೊಳ್ಳಿ. ಗಡ್ಡದ ಚೂರು ಬಿದ್ದಿದ್ದರೆ ಮಾತ್ರ ಒಂದು ಸಲ ನೀರು ಹಾಯಿಸಿ, ತಕ್ಷಣ ಬಗ್ಗಿಸಿ.

ಯಾವ ಬಗೆಯ ಸೋಪು ಹೆಚ್ಚು ದಿನ ಬರುತ್ತದೆ?

ಗಟ್ಟಿ ಸೋಪು. ರೋಲರ್‌ಗಳ ನಡುವೆ ಹಲವು ಸಲ ಅರೆದು ಒತ್ತಿದ, ಮಿಲ್ ಮಾಡಿದ ಸೋಪಿನಲ್ಲಿ ನೀರು ಕಡಿಮೆ, ಸೋಪು ಜಾಸ್ತಿ. ಡಬ್ಬಿಗೆ ಸುರಿದು ಮಾಡುವ ಮೆತ್ತಗಿನ ಸೋಪು ಬ್ರಷ್ಷಿಗೆ ಬೇಗ ಬರುತ್ತದೆ, ಅಷ್ಟೇ ಬೇಗ ಸವೆಯುತ್ತದೆ. ಟ್ಯೂಬಿನ ಕ್ರೀಮಿನಲ್ಲಿ ನೀರಿನ ಪಾಲು ಇನ್ನೂ ಹೆಚ್ಚು.

ಹೀಗಾಗುವುದಕ್ಕೆ ಕಾರಣ ಕ್ಷಾರದಲ್ಲಿದೆ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಮಾಡಿದ ಸೋಪು ಗಟ್ಟಿ, ನಿಧಾನವಾಗಿ ಕರಗುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಮಾಡಿದ್ದು ಮೆತ್ತಗೆ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಶೇವಿಂಗ್ ಸೋಪಿನಲ್ಲಿ ಸಾಮಾನ್ಯವಾಗಿ ಎರಡನ್ನೂ ಬೆರೆಸುತ್ತಾರೆ. ಸಾಮಗ್ರಿ ಪಟ್ಟಿಯ ಮೊದಲ ಕೆಲವು ಹೆಸರುಗಳಲ್ಲಿ ಸ್ಟಿಯರಿಕ್ ಆಮ್ಲ ಅಥವಾ ಸ್ಟಿಯರೇಟ್ ಇದೆಯೇ ನೋಡಿ. ಗಟ್ಟಿ, ಬೇಗ ಒಡೆಯದ ನೊರೆ ಅದರಿಂದಲೇ ಬರುವುದು.

ಹೊಸದಾಗಿ ಕಲಿಯುವವರಿಗೆ ನಾನು ಮೆತ್ತಗಿನ ಸೋಪನ್ನೇ ಹೇಳುತ್ತೇನೆ. ಸ್ವಲ್ಪ ಬೇಗ ಮುಗಿದರೂ ಕೈ ಕುದುರುತ್ತದೆ. ಗಟ್ಟಿ ಬಿಲ್ಲೆಯ ಜೊತೆ ಗುದ್ದಾಡಿ ಬೇಸತ್ತು ಬಿಟ್ಟವರನ್ನು ನೋಡಿದ್ದೇನೆ.

ಸ್ನಾನದ ಸೋಪಿನಲ್ಲೇ ಶೇವ್ ಮಾಡಿಕೊಂಡರೆ?

ಒಂದು ದಿನಕ್ಕೆ ನಡೆಯುತ್ತದೆ, ದಿನಾ ಬೇಡ. ಮೈಗೆ ಹಚ್ಚುವ ಸೋಪನ್ನು ಬೇಗ ನೊರೆ ಬಂದು ಬೇಗ ತೊಳೆದು ಹೋಗುವ ಹಾಗೆ ಮಾಡಿರುತ್ತಾರೆ. ಗುಳ್ಳೆ ದೊಡ್ಡದು, ಕೆನ್ನೆಯ ಮೇಲೆ ನಿಲ್ಲುವುದಿಲ್ಲ. ಶೇವಿಂಗ್ ಸೋಪಿನ ನೊರೆ ಐದಾರು ನಿಮಿಷವಾದರೂ ತೇವ ಹಿಡಿದು ನಿಲ್ಲಬೇಕು.

ಬ್ರಷ್ಷಿನಿಂದ ಸೋಪಿನ ಖರ್ಚು ಬದಲಾಗುತ್ತದೆಯೇ?

ಖಂಡಿತ. ಬ್ರಷ್ ದೊಡ್ಡದಾದಷ್ಟೂ ಅದರ ಹೊಟ್ಟೆ ತುಂಬಲು ಸೋಪು ಬೇಕು. ಬುಡದ ಬಳಿ ಗೊಂಚಲಿನ ಅಡ್ಡಗಲ 22ರಿಂದ 24 ಮಿಲಿಮೀಟರ್ ಇದ್ದರೆ ಒಂದು ಮುಖಕ್ಕೆ ಧಾರಾಳ. 28, 30 ಮಿಲಿಮೀಟರಿನ ದಪ್ಪ ಬ್ರಷ್ ಹಿಡಿದರೆ ಹಿತವಾಗಿರುತ್ತದೆ ನಿಜ, ಆದರೆ ನೊರೆಯ ದೊಡ್ಡ ಪಾಲು ಅದರೊಳಗೇ ಉಳಿಯುತ್ತದೆ.

ಹಂದಿ ಕೂದಲಿನ ಬ್ರಷ್ ನೀರು ಹೀರುತ್ತದೆ. ಅದನ್ನು ಒಂದೆರಡು ನಿಮಿಷ ನೆನೆಸಲೇಬೇಕು, ಇಲ್ಲದಿದ್ದರೆ ನೊರೆಯಲ್ಲಿನ ನೀರನ್ನೇ ಎಳೆದುಕೊಂಡು ನೊರೆ ಒಣಗಿಸುತ್ತದೆ. ಅದರ ಎಳೆ ಬಿರುಸು, ಗಟ್ಟಿ ಬಿಲ್ಲೆಗೆ ಚೆನ್ನಾಗಿ ಒಗ್ಗುತ್ತದೆ. ಹೊಸದರಲ್ಲಿ ಸ್ವಲ್ಪ ಸತಾಯಿಸುತ್ತದೆ. ಹತ್ತಿಪ್ಪತ್ತು ಶೇವ್ ಆದ ಮೇಲೆ ತುದಿಗಳು ಸೀಳಿ ಮೆತ್ತಗಾಗುತ್ತವೆ. ಬ್ಯಾಡ್ಜರ್ ಕೂದಲಿನದು ನೀರನ್ನು ತುಂಬಾ ಹಿಡಿದುಕೊಳ್ಳುತ್ತದೆ, ಹಾಗಾಗಿ ಚೆನ್ನಾಗಿ ಕೊಡವಬೇಕು. ಸಿಂಥೆಟಿಕ್ ಎಳೆ ನೀರು ಹೀರುವುದಿಲ್ಲ, ನೆನೆಸುವುದೂ ಬೇಡ, ಬೇಗ ಒಣಗುತ್ತದೆ. ಹಚ್ಚಿಕೊಂಡ ಸೋಪನ್ನೆಲ್ಲ ಸುಲಭವಾಗಿ ಬಿಟ್ಟುಕೊಡುತ್ತದೆ. ಸೋಪು ಉಳಿಸುವುದೊಂದೇ ಗುರಿಯಾದರೆ ನನ್ನ ಮತ ಮಧ್ಯಮ ಗಾತ್ರದ ಸಿಂಥೆಟಿಕ್ ಬ್ರಷ್ಷಿಗೆ.

ಬ್ರಷ್ ಎಷ್ಟು ತೊಳೆದರೂ ನೊರೆ ಸರಿಯಾಗಿ ಏಳುತ್ತಿಲ್ಲ. ಸೋಪು ಕೆಟ್ಟಿದೆಯೇ?

ಬುಡದಲ್ಲಿ ಸೋಪಿನ ಜಿಡ್ಡು ಕೂತಿರಬಹುದು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಬಿಳಿ ವಿನಿಗರ್ ಹಾಕಿ, ಎಳೆ ಮಾತ್ರ ಮುಳುಗುವಂತೆ ನಾಲ್ಕೈದು ನಿಮಿಷ ಇಟ್ಟು, ಚೆನ್ನಾಗಿ ಜಾಲಿಸಿ. ತಿಂಗಳಿಗೊಮ್ಮೆ ಸಾಕು. ಕುದಿಯುವ ನೀರಿಗೆ ಬ್ರಷ್ ಹಾಕಲೇಬೇಡಿ, ಬುಡದ ಅಂಟು ಬಿಟ್ಟು ಎಳೆ ಉದುರುತ್ತದೆ.

ಮುಖದ ಮೇಲೆ ನೊರೆ ಮಾಡುವುದು ಒಳ್ಳೆಯದೋ, ಬಟ್ಟಲಲ್ಲೋ?

ಸೋಪಿನ ಲೆಕ್ಕದಲ್ಲಿ ಮುಖವೇ ಮೇಲು. ಬಟ್ಟಲಿಗೆ ಅಂಟಿ ಹೋಗುವ ಪಾಲು ಉಳಿಯುತ್ತದೆ. ಬ್ರಷ್ ಆಡಿದಷ್ಟೂ ಗಡ್ಡಕ್ಕೆ ತೇವ ಇಳಿಯುತ್ತದೆ. ಆದರೆ ಸೂಕ್ಷ್ಮ ಚರ್ಮದವರಿಗೆ ಅಷ್ಟು ಹೊತ್ತು ಉಜ್ಜಿದರೆ ಕೆಂಪಾಗಬಹುದು, ಅವರಿಗೆ ಬಟ್ಟಲೇ ಸರಿ. ಕಲಿಯುವವರಿಗೂ ಬಟ್ಟಲು ಅನುಕೂಲ, ನೊರೆಯ ಹದ ಕಣ್ಣೆದುರಿಗೇ ಕಾಣುತ್ತದೆ.

ಶೇವ್ ಮಾಡುತ್ತಿರುವಾಗಲೇ ನೊರೆ ಒಣಗಿ ಹೋಗುತ್ತದೆ. ಯಾಕೆ?

ಬಹುಪಾಲು ಸಲ ನೀರು ಸಾಲದೆ. ಮುಖ ಒರೆಸಿಕೊಂಡು ಒಣ ಚರ್ಮಕ್ಕೆ ನೊರೆ ಹಚ್ಚಿದರೂ ಹೀಗಾಗುತ್ತದೆ. ಮೊದಲು ಮುಖವನ್ನು ಎರಡು ಮೂರು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಒರೆಸದೆ ಹಾಗೇ ಹಚ್ಚಿ. ಗಡ್ಡದ ಕೂದಲು ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಕಡಿಮೆ ಬಲ ಸಾಕು. ಫ್ಯಾನಿನ ಕೆಳಗೆ ನಿಂತು ಶೇವ್ ಮಾಡಬೇಡಿ. ಒಂದು ಕೆನ್ನೆ ಮಾಡುವಷ್ಟರಲ್ಲಿ ಇನ್ನೊಂದು ಒಣಗಿದರೆ ಹೊಸ ಸೋಪು ಬೇಡ, ಬ್ರಷ್ಷಿನ ತುದಿ ಒದ್ದೆ ಮಾಡಿ ಅದೇ ನೊರೆಯ ಮೇಲೆ ಆಡಿಸಿ.

ಗ್ಲಿಸರಿನ್, ಎಣ್ಣೆ ಸೇರಿಸಿದರೆ ನೊರೆ ಚೆನ್ನಾಗಿ ಬರುತ್ತದಂತೆ, ನಿಜವೇ?

ಗ್ಲಿಸರಿನ್ ಎರಡು ಮೂರು ಹನಿ ಹಾಕಿದರೆ ನೊರೆ ಬೇಗ ಒಣಗದು, ಜಾರುವಿಕೆಯೂ ಹೆಚ್ಚುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ನೊರೆ ಕುಗ್ಗುತ್ತದೆ. ಎಣ್ಣೆ ಬೇಡ, ಅದು ಗುಳ್ಳೆ ಒಡೆಯುತ್ತದೆ. ಶೇವ್‌ಗೆ ಮುಂಚೆ ಮುಖಕ್ಕೆ ಎಣ್ಣೆ ಸವರುವವರಿಗೆ ಸೋಪು ಜಾಸ್ತಿ ಖರ್ಚಾಗುವುದು ಇದೇ ಕಾರಣಕ್ಕೆ.

ಶೇವಿಂಗ್ ಸ್ಟಿಕ್ ಬಳಸುತ್ತೇನೆ. ಅದು ಬಹಳ ಬೇಗ ಮುಗಿಯುತ್ತದೆ.

ಕ್ರೇಯಾನಿನಲ್ಲಿ ಬಣ್ಣ ತುಂಬಿದ ಹಾಗೆ ಇಡೀ ಮುಖಕ್ಕೆ ಉಜ್ಜುತ್ತಿರಬಹುದು. ಒದ್ದೆ ಗಡ್ಡದ ಮೇಲೆ, ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ, ಒಂದೊಂದು ಜಾಗಕ್ಕೆ ಒಂದೇ ಸಲ ಎಳೆಯಿರಿ. ಗಲ್ಲ, ಮೇಲ್ದುಟಿ, ದವಡೆಯಂಥ ದಟ್ಟ ಕಡೆ ಹಚ್ಚಿದರೆ ಸಾಕು, ಅಲ್ಲಿಂದ ಬ್ರಷ್ ಬೇರೆ ಕಡೆಗೂ ಒಯ್ಯುತ್ತದೆ. ಆಮೇಲೆ ತುದಿಯ ನೊರೆಯನ್ನು ಬೆರಳಲ್ಲಿ ಸವರಿ ತೆಗೆದು, ನೆಟ್ಟಗೆ ನಿಲ್ಲಿಸಿ ಒಣಗಿಸಿ.

ಇವತ್ತು ಉಳಿದ ನೊರೆಯನ್ನು ನಾಳೆಗೆ ಇಡಬಹುದೇ?

ಬೇಡ. ರಾತ್ರಿಯೊಳಗೆ ನೊರೆ ಒಡೆದು ಒಣಗುತ್ತದೆ, ಬ್ರಷ್ಷಿನ ಬುಡದಲ್ಲಿ ಸೋಪು ಗಟ್ಟಿಯಾಗಿ ಎಳೆ ಮುರಿಯುತ್ತದೆ. ಉಳಿದದ್ದನ್ನು ಹಿಂಡಿ ಅಲ್ಲಲ್ಲಿ ಉಳಿದ ಕೂದಲಿಗೆ ಹಚ್ಚಿ ಮುಗಿಸಿ. ಮತ್ತೆ ಮತ್ತೆ ಉಳಿಯುತ್ತಿದ್ದರೆ ಮೊದಲೇ ಕಡಿಮೆ ತುಂಬಿಕೊಳ್ಳಿ.

ಕೊನೆಗೆ ಉಳಿಯುವ ಚೂರುಗಳನ್ನು ಏನು ಮಾಡುವುದು?

ಬಿಲ್ಲೆ ತೆಳುವಾಗಿ ನಡುವೆ ತಳ ಕಂಡ ಮೇಲೆ ಬ್ರಷ್ಷಿಗೆ ಸಿಗದೆ ಅಂಚಿನಲ್ಲಿ ಒಂದು ಬಳೆಯಷ್ಟು ಸೋಪು ಉಳಿಯುತ್ತದೆ. ಅದನ್ನು ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಚಾಕುವಿನ ಹಿಂಬದಿಯಿಂದ ಎಬ್ಬಿಸಿ, ತುರಿದು, ನಾಲ್ಕೈದು ಹನಿ ಬೆಚ್ಚಗಿನ ನೀರು ಚಿಮುಕಿಸಿ, ಬೆರಳಲ್ಲಿ ಒತ್ತಿ ಬಟ್ಟಲ ನಡುವೆ ಮತ್ತೆ ಬಿಲ್ಲೆ ಮಾಡಿ. ಎರಡು ದಿನ ಒಣಗಲು ಬಿಡಿ. ಅದೇ ಬಗೆಯ ಹೊಸ ಬಿಲ್ಲೆಯ ಮೇಲೂ ಒತ್ತಿ ಕೂರಿಸಬಹುದು. ಮೈಕ್ರೋವೇವಿನಲ್ಲಿ ಕರಗಿಸುವುದು ಪಾರದರ್ಶಕ ಗ್ಲಿಸರಿನ್ ಸೋಪಿಗೆ ಸರಿ. ಉಳಿದವು ಉಕ್ಕಿ ಚೆಲ್ಲುತ್ತವೆ, ಪರಿಮಳವೂ ಹೋಗುತ್ತದೆ.

ಹಳೆಯ ಸೋಪು ಕೆಟ್ಟಿದೆ ಎಂದು ಹೇಗೆ ತಿಳಿಯುವುದು?

ಒಣಗಿಸಿ ಇಟ್ಟ ಸೋಪು ವರ್ಷಗಟ್ಟಲೆ ಬರುತ್ತದೆ. ಪರಿಮಳ ಕಡಿಮೆಯಾದರೆ, ಬಿರುಕು ಬಿಟ್ಟರೆ ತೊಂದರೆ ಇಲ್ಲ. ಕಿತ್ತಳೆ ಬಣ್ಣದ ಚುಕ್ಕೆ ಎದ್ದು, ಹಳಸಿದ ಎಣ್ಣೆಯ ವಾಸನೆ ಬಂದರೆ ಅದರ ಕೊಬ್ಬು ಕೆಟ್ಟಿದೆ ಎಂದರ್ಥ. ಬೂಸ್ಟು ಬಂದಿದ್ದರೂ ಮುಖಕ್ಕೆ ಬಳಸಬೇಡಿ.

ಮನೆಯಲ್ಲಿ ಇಬ್ಬರು ಒಂದೇ ಬಿಲ್ಲೆ ಬಳಸಬಹುದೇ?

ಬ್ರಷ್ಷು, ರೇಜರ್ ಯಾವತ್ತೂ ಬೇರೆ ಬೇರೆ ಇರಬೇಕು, ಅವುಗಳಲ್ಲಿ ರಕ್ತದ ಅಂಶ ಇರಬಹುದು. ಸೋಪನ್ನು ಹಂಚಿಕೊಳ್ಳಲೇಬೇಕಿದ್ದರೆ ಬಿಲ್ಲೆಯನ್ನು ಎರಡು ತುಂಡು ಮಾಡಿ ಎರಡು ಬಟ್ಟಲಿಗೆ ಹಾಕಿಬಿಡಿ.

ವಾರಕ್ಕೆ ಒಂದೇ ಸಲ ಶೇವ್ ಮಾಡುತ್ತೇನೆ. ಪ್ರತಿ ಸಲವೂ ಸೋಪು ಕಲ್ಲಾಗಿರುತ್ತದೆ.

ಇಡೀ ಬಿಲ್ಲೆ ನೆನೆಸುವ ಬದಲು ತುರಿದುಕೊಳ್ಳಿ. ಸಣ್ಣ ತುರಿಮಣೆಯಲ್ಲಿ ಒಂದು ಗ್ರಾಂ ಎಂದರೆ ಮೂರು ಬೆರಳಲ್ಲಿ ಹಿಡಿಯುವ ಒಂದು ಚಿಟಿಕೆ. ಮೊದಲ ಸಲ ತೂಗಿ ನೋಡಿದರೆ ಅಳತೆ ಕಣ್ಣಿಗೆ ಕೂರುತ್ತದೆ. ಬಟ್ಟಲಿಗೆ ಹಾಕಿ, ಹತ್ತು ಹನಿ ಬೆಚ್ಚಗಿನ ನೀರು ಬಿಟ್ಟು, ಮುಖ ತೊಳೆದು ಬರುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಕೊಡವಿದ ಬ್ರಷ್ಷಿನಿಂದ ಅರೆದು, ಹನಿ ಹನಿ ನೀರು ಸೇರಿಸುತ್ತಾ ಹೋಗಿ. ವಾರದ ಗಡ್ಡ ಉದ್ದ ಇರುವುದರಿಂದ ಚಿಟಿಕೆ ಸ್ವಲ್ಪ ದೊಡ್ಡದಿರಲಿ. ಬಿಲ್ಲೆಗೆ ನೀರೇ ತಾಗದೆ ಡಬ್ಬಿಯಲ್ಲಿ ಒಣಗೇ ಇರುತ್ತದೆ.